ಗುಜರಿ ಉಕ್ಕಿನಿಂದ ಮೊದಲ ಚಾಕು: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆ ಚಾಕು ಬಡಿಯುವ ಆಸೆ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿದ್ದೇನೆ. ಹೇಳುವುದೆಲ್ಲ ಅಡುಗೆಮನೆಯ ಚಾಕುವಿಗೆ. ಅಲಗು ಐದು ಇಂಚು, ಕೆಲಸ ತರಕಾರಿ ಹೆಚ್ಚುವುದು. ಬಡಿಯುವುದರ ಬಗ್ಗೆ ಇಲ್ಲಿ ಸ್ವಲ್ಪವೇ ಇದೆ. ಕಾಯಿಸುವುದು, ತಣಿಸುವುದರ ಬಗ್ಗೆ ಜಾಸ್ತಿ ಇದೆ. ಅದು ಬೇಕೆಂದೇ ಮಾಡಿದ್ದು. ಚಾಕುವಿನ ಆಕಾರವನ್ನು ಅರದಿಂದ ಉಜ್ಜಿಯೂ ತರಬಹುದು. ಹದ ಮಾತ್ರ ಬೆಂಕಿಯಿಂದಲೇ ಬರಬೇಕು.

ಯಾವ ಗುಜರಿ ಉಕ್ಕು ತೆಗೆದುಕೊಳ್ಳಲಿ?

ಗಾಡಿಯ ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಮೊದಲ ಚಾಕುವಿಗೆ ಬೇರೆ ಯೋಚನೆ ಬೇಡ.

ರಾಷ್ಟ್ರೀಯ ಹೆದ್ದಾರಿ 48 ನಮ್ಮ ಎರಡೂ ಊರುಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಇರಲಿ, ಚಿತ್ರದುರ್ಗ, ಹಿರಿಯೂರಿನ ಹೆದ್ದಾರಿ ಬದಿ ಇರಲಿ, ಕಮಾನು ಕೆಲಸ ಮಾಡುವ ಗ್ಯಾರೇಜಿನ ಮುಂದೆ ಮುರಿದ ಪಟ್ಟಿಗಳು ಬಿದ್ದಿರುತ್ತವೆ. ಕೇಳಿದರೆ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಗುಜರಿ ಅಂಗಡಿಗಿಂತ ಗ್ಯಾರೇಜಿನಲ್ಲೇ ಕೇಳುವುದು ಒಳ್ಳೆಯದು. ಯಾವ ಗಾಡಿಯ ಪಟ್ಟಿ ಎಂದು ಅಲ್ಲಿ ಹೇಳಬಲ್ಲವರು ಇರುತ್ತಾರೆ.

ದೊಡ್ಡ ಲಾರಿಯ ಪಟ್ಟಿ 10 ಮಿಲಿಮೀಟರಿಗಿಂತ ದಪ್ಪ ಇರುವುದೇ ಹೆಚ್ಚು. ಒಬ್ಬರೇ ಕೈಸುತ್ತಿಗೆಯಲ್ಲಿ ಅದನ್ನು ತೆಳ್ಳಗೆ ಮಾಡುವ ಹೊತ್ತಿಗೆ ತೋಳು ಬಿದ್ದುಹೋಗುತ್ತದೆ. ಜೀಪು, ಪಿಕಪ್, ಸಣ್ಣ ಟೆಂಪೋದ 6 ರಿಂದ 8 ಮಿಲಿಮೀಟರ್ ಪಟ್ಟಿ ಕೇಳಿ. ಅದನ್ನು ಆಂಗಲ್ ಗ್ರೈಂಡರ್‌ನಲ್ಲಿ ಉದ್ದಕ್ಕೆ ಸೀಳಿಸಿ, 30 ಮಿಲಿಮೀಟರ್ ಅಗಲದ ಕಡ್ಡಿ ಮಾಡಿಸಿಕೊಳ್ಳಿ.

ಕಮಾನು ಪಟ್ಟಿಗೆ ನಮ್ಮಲ್ಲಿ ಇಎನ್ 45, ಎಸ್‌ಯುಪಿ 9, ಇಎನ್ 47 ತರಹದ ದರ್ಜೆಯ ಉಕ್ಕು ಬಳಸುತ್ತಾರೆ. ಇವುಗಳಲ್ಲಿ ಇಂಗಾಲ ನೂರಕ್ಕೆ ಸುಮಾರು 0.5 ರಿಂದ 0.6 ಭಾಗ ಇರುತ್ತದೆ. ಗಟ್ಟಿಯಾಗಲು ಅಷ್ಟು ಸಾಕು. ಮ್ಯಾಂಗನೀಸ್, ಸಿಲಿಕಾನ್, ಕ್ರೋಮಿಯಂ ಕೂಡ ಇರುವುದರಿಂದ ಎಣ್ಣೆಯಲ್ಲಿ ತಣಿಸಿದರೂ ಚೆನ್ನಾಗಿ ಗಟ್ಟಿಯಾಗುತ್ತದೆ, ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಹೊಸಬರ ಕೈಯ ಏರುಪೇರನ್ನು ತಡೆದುಕೊಳ್ಳುವ ಉಕ್ಕು ಇದು.

ಒಂದು ಎಚ್ಚರಿಕೆ. ಪಟ್ಟಿ ಮುರಿದಿದೆ ಎಂದರೆ ಅದು ದಣಿದಿದೆ ಎಂದರ್ಥ. ಮುರಿದ ಜಾಗದ ಹತ್ತಿರ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಿರಬಹುದು. ಆ ತುದಿಯಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ನಡುವಿನ ಬೋಲ್ಟ್ ತೂತಿನ ಸುತ್ತಮುತ್ತಲೂ ಬೇಡ. ಹೊಸ ಪಟ್ಟಿ ಕತ್ತರಿಸಿದಾಗ ಉಳಿದ ತುಂಡು ಸಿಕ್ಕರೆ ಬಿಡಬೇಡಿ. ಅದಕ್ಕಿಂತ ಒಳ್ಳೆಯದು ಇಲ್ಲ.

ಮನೆಯಲ್ಲಿ ಕಟ್ಟಡದ ಕಂಬಿ ಇದೆ. ಅದರಿಂದ ಆಗುವುದಿಲ್ಲವಾ?

ಆಕಾರ ಬರುತ್ತದೆ, ಚಾಕು ಆಗುವುದಿಲ್ಲ. ಟಿಎಂಟಿ ಕಂಬಿಯಲ್ಲಿ ಇಂಗಾಲ ತುಂಬ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಬಾಯಿ, ಅಂದರೆ ಹೆಚ್ಚುವ ಹರಿತದ ಅಂಚು, ನಿಲ್ಲುವುದಿಲ್ಲ. ಬೋರ್‌ವೆಲ್ ಕೇಸಿಂಗ್ ಪೈಪು, ಕಿಟಕಿ ಸರಳು, ಆಂಗಲ್ ಕಬ್ಬಿಣ ಎಲ್ಲ ಇದೇ ಜಾತಿ. ಬೆಂಕಿಯ ಬಣ್ಣ ಗುರುತಿಸುವುದು, ಸುತ್ತಿಗೆ ಹಿಡಿಯುವುದು ಇವನ್ನು ಅಭ್ಯಾಸ ಮಾಡಲು ಕಂಬಿ ಒಳ್ಳೆಯದು. ಮೊದಲು ಕಂಬಿಯಿಂದ ಒಂದೆರಡು ಕೊಕ್ಕೆ ಬಡಿಯಿರಿ, ಆಮೇಲೆ ಪಟ್ಟಿಗೆ ಕೈ ಹಾಕಿ.

ಹಳೆಯ ಅರ, ಬೇರಿಂಗ್, ಗರಗಸದ ಬ್ಲೇಡು?

ಒಳ್ಳೆಯ ಅರದಲ್ಲಿ ನೂರಕ್ಕೆ 1 ಭಾಗಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ. ಅದರಿಂದ ಸೊಗಸಾದ ಚಾಕು ಆಗುತ್ತದೆ. ಆದರೆ ಅದು ಕಾವಿನ ವಿಷಯದಲ್ಲಿ ಹಟಮಾರಿ. ಸ್ವಲ್ಪ ಹೆಚ್ಚು ಕಾದರೂ ಒಳಗಿನ ಕಣ ದಪ್ಪವಾಗಿ ಪಿಂಗಾಣಿ ತರಹ ಮುರಿಯುತ್ತದೆ. ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯದೆ ಬಡಿದರೆ ಆ ಗೀರುಗಳೇ ಬಿರುಕಾಗುತ್ತವೆ. ಇದನ್ನು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಇಟ್ಟುಕೊಳ್ಳಿ.

ಬೇರಿಂಗಿನ ಹೊರಬಳೆ ಸಾಮಾನ್ಯವಾಗಿ ಇಎನ್ 31, ಅದೂ ಒಳ್ಳೆಯ ಉಕ್ಕು. ಮುಚ್ಚಿದ ಬೇರಿಂಗನ್ನು ಹಾಗೇ ಬೆಂಕಿಗೆ ಹಾಕಬೇಡಿ. ಒಳಗಿನ ಗ್ರೀಸು ಕುದಿದು ಸಿಡಿಯುತ್ತದೆ. ಬಿಚ್ಚಿ, ತೊಳೆದು, ಬಳೆ ಬೇರೆ ಮಾಡಿಕೊಂಡೇ ಕಾಯಿಸಬೇಕು. ಮಷೀನ್ ಗರಗಸದ ದಪ್ಪ ಬ್ಲೇಡು ಬಹಳ ಸಲ ಹೈಸ್ಪೀಡ್ ಉಕ್ಕು. ಇದ್ದಿಲು ಕುಲುಮೆಯಲ್ಲಿ ಅದು ನಿಮ್ಮ ಮಾತು ಕೇಳುವುದಿಲ್ಲ. ಬಿಟ್ಟುಬಿಡಿ.

ಯಾವುದನ್ನು ಬೆಂಕಿಗೆ ಹಾಕಲೇಬಾರದು?

ಸತುವಿನ ಲೇಪ ಇರುವ ಯಾವುದನ್ನೂ ಹಾಕಬಾರದು. ಜಿಐ ಪೈಪು, ಜಿಐ ಬೋಲ್ಟು ಕಾದಾಗ ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ರಾತ್ರಿಗೆ ಚಳಿ, ಜ್ವರ, ಮೈಕೈ ನೋವು. ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. ಬೈಕಿನ ಶಾಕ್ ಅಬ್ಸಾರ್ಬರ್ ರಾಡಿನಂತೆ ಹೊಳೆಯುವ ಕ್ರೋಮ್ ಲೇಪದ ವಸ್ತುಗಳೂ ಬೇಡ. ಆ ಲೇಪ ಕಾಯಿಸಿದರೂ ಉಜ್ಜಿದರೂ ಶ್ವಾಸಕೋಶಕ್ಕೆ ವಿಷ. ಕಮಾನು ಪಟ್ಟಿಯ ಮೇಲಿನ ಬಣ್ಣವನ್ನೂ ಗ್ರೀಸನ್ನೂ ಮೊದಲೇ ಕೆರೆದು ತೆಗೆಯಿರಿ.

ಇನ್ನೊಂದು, ರೈಲ್ವೆ ಸಾಮಾನು. ಹಳಿಯ ತುಂಡು, ಹಳಿಯ ಮೊಳೆ ಸುಲಭವಾಗಿ ಸಿಗುತ್ತವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1966ರ ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆ ಪ್ರಕಾರ, ಕದ್ದದ್ದೆಂದು ಅನುಮಾನ ಬರುವ ರೈಲ್ವೆ ಸಾಮಾನು ನಿಮ್ಮ ಹತ್ತಿರ ಸಿಕ್ಕರೆ, ಅದು ಹೇಗೆ ಬಂತು ಎಂದು ತೋರಿಸಬೇಕಾದವರು ನೀವೇ. ಹರಾಜಿನ ಬಿಲ್ಲು ಇಲ್ಲದ ಹಳಿ ಅಡಿಗಲ್ಲಿಗೂ ಬೇಡ.

ತಂದ ಉಕ್ಕು ಗಟ್ಟಿಯಾಗುವ ಜಾತಿಯೋ ಅಲ್ಲವೋ, ಹೇಗೆ ತಿಳಿಯುವುದು?

ಗ್ರೈಂಡರ್ ಕಿಡಿ ನೋಡಿ. ಇಂಗಾಲ ಕಡಿಮೆ ಇದ್ದರೆ ಕಿಡಿ ಉದ್ದಕ್ಕೆ, ನೇರ ಗೆರೆಯಾಗಿ ಹೋಗುತ್ತದೆ. ಇಂಗಾಲ ಹೆಚ್ಚಿದಷ್ಟೂ ತುದಿಯಲ್ಲಿ ಕವಲೊಡೆದು ಹೂವಿನಂತೆ ಸಿಡಿಯುತ್ತದೆ. ಪಕ್ಕದಲ್ಲಿ ಒಂದು ಕಂಬಿ ಇಟ್ಟು ಎರಡನ್ನೂ ಉಜ್ಜಿ ನೋಡಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಕಿಡಿ ಸುಳಿವು ಕೊಡುತ್ತದೆ. ಖಾತ್ರಿ ಬೇಕಾದರೆ ಒಂದು ಬೆರಳುದ್ದದ ತುಂಡು ಕತ್ತರಿಸಿ, ಆಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ. ತಣ್ಣಗಾದ ಮೇಲೆ ಅರ ಹಾಕಿ. ಅರ ಜಾರಿದರೆ ಗಟ್ಟಿಯಾಗಿದೆ. ಆಮೇಲೆ ಬಟ್ಟೆಯಲ್ಲಿ ಸುತ್ತಿ, ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಿಂದ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಪಟ್ಟನೆ ಮುರಿದು, ಒಳಗೆ ನುಣ್ಣನೆಯ ಬೂದು ಬಣ್ಣ ಕಂಡರೆ ಉಕ್ಕೂ ಸರಿ, ನೀವು ಕಾಯಿಸಿದ್ದೂ ಸರಿ. ಸಕ್ಕರೆ ಹರಳಿನಷ್ಟು ದಪ್ಪ ಕಣ ಕಂಡರೆ ಕಾವು ಜಾಸ್ತಿಯಾಗಿದೆ. ಬಾಗಿತು, ಮುರಿಯಲಿಲ್ಲ ಎಂದರೆ ಅದು ಚಾಕುವಿನ ಉಕ್ಕಲ್ಲ.

ಪ್ರತಿ ಹೊಸ ಪಟ್ಟಿಗೂ ಈ ಪರೀಕ್ಷೆ ಮಾಡಿ. ಗುಜರಿ ಉಕ್ಕಿಗೆ ಹೆಸರು ಬರೆದಿರುವುದಿಲ್ಲ ಅಲ್ವಾ? ಅರ್ಧ ಗಂಟೆಯ ಈ ಕೆಲಸ ಮುಂದಿನ ಎರಡು ದಿನದ ಶ್ರಮವನ್ನು ಉಳಿಸುತ್ತದೆ.

ಕುಲುಮೆ ಹೇಗೆ ಕಟ್ಟುವುದು? ಯಾವ ಇದ್ದಿಲು?

ನೆಲದಲ್ಲೇ ಒಂದು ಅಡಿ ಉದ್ದ, ಗೇಣಗಲದ ಗುಂಡಿ ತೋಡಿ, ಮಣ್ಣು ಮೆತ್ತಿ, ಪಕ್ಕದಿಂದ ಒಂದು ಇಂಚಿನ ಕಬ್ಬಿಣದ ಪೈಪು ಬಿಟ್ಟರೆ ಕುಲುಮೆ ಆಯಿತು. ಪೈಪು ಜಿಐ ಇರಬಾರದು. ತಿದಿಯ ಬದಲು ಕೈಯಿಂದ ತಿರುಗಿಸುವ ಬ್ಲೋವರ್ ಸಾಕು. ಕರೆಂಟ್ ಬ್ಲೋವರ್ ಆದರೆ ಗಾಳಿ ಕಡಿಮೆ ಮಾಡುವ ವ್ಯವಸ್ಥೆ ಬೇಕು. ಹೊಸಬರು ಗಾಳಿ ಜಾಸ್ತಿ ಬಿಟ್ಟೇ ಉಕ್ಕು ಸುಡುವುದು.

ಇದ್ದಿಲಿಗೆ ನಮ್ಮ ಕಡೆ ಚಿಂತೆಯಿಲ್ಲ. ಬಳ್ಳಾರಿ ಜಾಲಿ ಇದ್ದಿಲು ಒಳ್ಳೆಯ ಕಾವು ಕೊಡುತ್ತದೆ. ಅದರ ಬೇಲಿ ಮುಳ್ಳನ್ನು ಬೈಯುವವರೂ ಇದ್ದಿಲನ್ನು ಮೆಚ್ಚುತ್ತಾರೆ. ಹುಣಸೆ ಇದ್ದಿಲೂ ಒಳ್ಳೆಯದೇ. ಹೊಸದುರ್ಗದ ತೆಂಗಿನ ಸೀಮೆಯಲ್ಲಿರುವವರು ಕರಟದ ಇದ್ದಿಲು ಬಳಸಬಹುದು, ಕಾವು ಇನ್ನೂ ಜೋರು. ಯಾವುದೇ ಇರಲಿ, ನಿಂಬೆಹಣ್ಣಿನ ಗಾತ್ರಕ್ಕೆ ಒಡೆದುಕೊಳ್ಳಿ. ದೊಡ್ಡ ತುಂಡುಗಳ ನಡುವೆ ಸುಡದ ಗಾಳಿ ನುಗ್ಗಿ ಉಕ್ಕಿನ ಮೇಲೆ ಕಿಟ್ಟ ಕಟ್ಟಿಸುತ್ತದೆ.

ಇದ್ದಿಲು ಉರಿಸುವುದು ಬಯಲಲ್ಲಿ ಅಥವಾ ಎರಡು ಕಡೆ ತೆರೆದ ಚಪ್ಪರದಲ್ಲಿ ಮಾತ್ರ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಅಡಿಗಲ್ಲಿಗೆ ಹಳೆಯ ಲಾರಿ ಆಕ್ಸಲ್ ತುಂಡೋ, 20 ಕಿಲೋ ತೂಗುವ ಕಬ್ಬಿಣದ ದಿಮ್ಮಿಯೋ ಸಾಕು. ಮರದ ಕೊರಡಿನೊಳಗೆ ಅಲ್ಲಾಡದಂತೆ ಕೂರಿಸಿ. ನೀವು ನಿಂತು ಮುಷ್ಟಿ ಇಳಿಬಿಟ್ಟರೆ ಬೆರಳ ಗೆಣ್ಣು ತಾಗುವಷ್ಟು ಎತ್ತರ ಇರಲಿ. ಸುತ್ತಿಗೆ ಒಂದು ಕಿಲೋ. ಇಕ್ಕಳದ ಚಿಂತೆ ಮೊದಲ ಚಾಕುವಿಗೆ ಬೇಡ. ಕಡ್ಡಿಯನ್ನು ಒಂದೂವರೆ ಅಡಿ ಉದ್ದಕ್ಕೇ ಇಟ್ಟುಕೊಂಡು ಒಂದು ತುದಿಯಲ್ಲಿ ಚಾಕು ಬಡಿಯಿರಿ, ಇನ್ನೊಂದು ತುದಿಯೇ ಹಿಡಿ. ಆಕಾರ ಬಂದ ಮೇಲೆ ಕತ್ತರಿಸಿ. ಸಡಿಲ ಇಕ್ಕಳದಿಂದ ಜಾರಿದ ಕೆಂಡದಂಥ ಉಕ್ಕು ಎಲ್ಲಿ ಬೀಳುತ್ತದೋ ಹೇಳಲಾಗುವುದಿಲ್ಲ.

ಯಾವ ಬಣ್ಣಕ್ಕೆ ಬಡಿಯಬೇಕು? ಯಾವಾಗ ನಿಲ್ಲಿಸಬೇಕು?

ಮುತ್ತುಗದ ಹೂವಿನ ಕಿತ್ತಳೆ ಬಂದಾಗ ಹೊರಗೆ ತೆಗೆಯಿರಿ, ಮಬ್ಬು ಕೆಂಪಿಗೆ ಇಳಿದಾಗ ನಿಲ್ಲಿಸಿ ಮತ್ತೆ ಬೆಂಕಿಗೆ ಇಡಿ. ಕಿತ್ತಳೆ ಎಂದರೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮಬ್ಬು ಕೆಂಪಿಗೆ ಇಳಿದ ಮೇಲೂ ಹೊಡೆಯುತ್ತಾ ಹೋದರೆ ಒಳಗೆ ಬಿರುಕು ಹುಟ್ಟುತ್ತದೆ. ಹಳದಿ ದಾಟಿ ಬಿಳಿಯಾಗಿ, ಉಕ್ಕಿನಿಂದಲೇ ಕಿಡಿ ಚಿಮ್ಮಿದರೆ ಆ ಭಾಗ ಸುಟ್ಟುಹೋಗಿದೆ. ಅದನ್ನು ಸರಿಮಾಡಲು ದಾರಿಯಿಲ್ಲ, ಕತ್ತರಿಸಿ ಎಸೆಯಬೇಕು.

ನಮ್ಮ ಬಯಲುಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ ಈ ಬಣ್ಣಗಳು ಯಾವುವೂ ಕಾಣುವುದಿಲ್ಲ. ಉಕ್ಕು ಇನ್ನೂ ಕಪ್ಪಗಿದೆ ಎಂದುಕೊಳ್ಳುವಾಗಲೇ ಅದು ಮಿತಿ ಮೀರಿರುತ್ತದೆ. ಹೊತ್ತು ಮುಳುಗುವಾಗ ಶುರು ಮಾಡಿ, ಅಥವಾ ಎರಡು ಕಡೆ ತಟ್ಟಿ ಕಟ್ಟಿ ನೆರಳು ಮಾಡಿಕೊಳ್ಳಿ. ಪ್ರತಿ ಸಲ ಒಂದೇ ಬೆಳಕಿನಲ್ಲಿ ಕೆಲಸ ಮಾಡಿದರೆ ಕಣ್ಣು ಬೇಗ ಪಳಗುತ್ತದೆ.

ಬಡಿಯುವ ಕ್ರಮ ಸರಳ. ಮೊದಲು ಮೊನೆ, ಆಮೇಲೆ ಹಿಡಿಯೊಳಗೆ ಹೋಗುವ ಬಾಲ, ಕೊನೆಗೆ ಬಾಯಿಯ ಇಳಿಜಾರು. ಬಾಯಿಯ ಕಡೆ ಬಡಿದಂತೆ ಆ ಅಂಚು ಉದ್ದವಾಗಿ ಇಡೀ ಅಲಗು ಬೆನ್ನಿನ ಕಡೆ ಬಾಗುತ್ತದೆ. ಎಲ್ಲರಿಗೂ ಹೀಗೇ ಆಗುವುದು. ಕಾದಾಗಲೇ ಮರದ ಕೊಡತಿಯಿಂದ ತಟ್ಟಿ ನೆಟ್ಟಗೆ ಮಾಡಿ. ಬೆನ್ನು 3 ಮಿಲಿಮೀಟರ್, ಬಾಯಿ 1 ಮಿಲಿಮೀಟರಿಗೆ ಬಂದರೆ ಸಾಕು. ಎಣ್ಣೆಗೆ ಅದ್ದುವ ಮೊದಲೇ ಬಾಯಿಯನ್ನು ಇನ್ನೂ ತೆಳ್ಳಗೆ ಮಾಡಿದರೆ ಸೊಟ್ಟಗಾಗುವುದು, ಬಿರಿಯುವುದು ಖಂಡಿತ.

ಬಡಿದ ತಕ್ಷಣ ಎಣ್ಣೆಗೆ ಅದ್ದಬಹುದಾ?

ಬೇಡ. ಬಡಿದ ಉಕ್ಕಿನೊಳಗೆ ಎಳೆತ, ಸೆಳೆತ ತುಂಬಿರುತ್ತದೆ, ಕಣಗಳು ದಪ್ಪವಾಗಿರುತ್ತವೆ. ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಗಾಳಿಯಲ್ಲಿ ಹಿಡಿದು ಕಪ್ಪಗಾಗುವ ತನಕ ಬಿಡಿ. ಹೀಗೆ ಮೂರು ಸಲ. ಪ್ರತಿ ಸಲ ಕಾವು ಸ್ವಲ್ಪ ಕಡಿಮೆ ಇರಲಿ. ಕಣ ಸಣ್ಣದಾಗುತ್ತದೆ, ಸೆಳೆತ ಇಳಿಯುತ್ತದೆ. ಇದಕ್ಕೆ ಖರ್ಚೇನೂ ಇಲ್ಲ. ಅವಸರದಲ್ಲಿ ಬಿಟ್ಟುಬಿಡುವವರೇ ಜಾಸ್ತಿ, ಅವರ ಚಾಕುಗಳೇ ಸೊಟ್ಟಗಾಗುವುದೂ ಜಾಸ್ತಿ.

ಆಮೇಲೆ ಅರ ಹಾಕಲು ಉಕ್ಕು ಮೆತ್ತಗಾಗಬೇಕು. ಅದಕ್ಕೆ ಮತ್ತೊಮ್ಮೆ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಬೇಕು. ಈ ವಿಷಯದಲ್ಲಿ ದಾವಣಗೆರೆಯವರ ಅದೃಷ್ಟ ದೊಡ್ಡದು. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಕಡೆ ಹೋದರೆ ಭತ್ತದ ಹೊಟ್ಟಿನ ಬೂದಿ ಸಿಗುತ್ತದೆ. ಅದರಲ್ಲಿ ಬಹುಪಾಲು ಸಿಲಿಕಾ, ಒಳಗೆಲ್ಲ ಗಾಳಿಯ ಸಣ್ಣ ಸಣ್ಣ ಗೂಡು. ಕಾವನ್ನು ಅದು ಹೊರಗೆ ಬಿಡುವುದೇ ಇಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಗಳು ಕರಗಿದ ಉಕ್ಕಿನ ಮೇಲೆ ಹೊದಿಸಲು ಇದೇ ಬೂದಿಯನ್ನು ಬಳಸುತ್ತವೆ. ಒಂದು ಎಣ್ಣೆ ಡಬ್ಬದ ತುಂಬ ತುಂಬಿಸಿಕೊಳ್ಳಿ, ಚಾಕು ಹೂಳುವ ಮೊದಲು ಒಂದು ದಪ್ಪ ಕಬ್ಬಿಣದ ತುಂಡನ್ನು ಕಾಯಿಸಿ ಅದರಲ್ಲಿಟ್ಟು ಬೂದಿಯನ್ನು ಬಿಸಿ ಮಾಡಿ. ಬೂದಿ ಚೆನ್ನಾಗಿ ಒಣಗಿರಬೇಕು. ಸುರಿಯುವಾಗ ಮೂಗಿಗೆ ಮಾಸ್ಕ್ ಹಾಕಿ, ಸಿಲಿಕಾ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹದ ಹಾಕುವುದು ಹೇಗೆ? ಎಷ್ಟು ಕೆಂಪಗಾಗಬೇಕು?

ಇದೇ ಮುಖ್ಯ ಪ್ರಶ್ನೆ. ನಿಧಾನವಾಗಿ ಓದಿ.

ಕಬ್ಬಿಣ 770 ಡಿಗ್ರಿಗೆ ಆಯಸ್ಕಾಂತದ ಗುಣ ಕಳೆದುಕೊಳ್ಳುತ್ತದೆ. ಹಳೆಯ ಸ್ಪೀಕರಿನ ಆಯಸ್ಕಾಂತಕ್ಕೆ ತಂತಿ ಕಟ್ಟಿ ಕುಲುಮೆ ಪಕ್ಕ ನೇತುಹಾಕಿ. ಅಲಗು ತಾಗಿಸಿದಾಗ ಅದು ಸೆಳೆಯುವುದನ್ನು ನಿಲ್ಲಿಸಿತೆಂದರೆ 770 ದಾಟಿತು. ಕಮಾನು ಪಟ್ಟಿಯ ಉಕ್ಕಿಗೆ ಬೇಕಾದದ್ದು 830 ರಿಂದ 870. ಅಂದರೆ ಆಯಸ್ಕಾಂತ ಬಿಟ್ಟ ಮೇಲೆ ಇನ್ನೊಂದು ಛಾಯೆ ಮೇಲೆ, ಅಷ್ಟೇ. ಆ ಕಾವಿನಲ್ಲಿ ಒಂದೆರಡು ನಿಮಿಷ ಅಲಗಿನ ಉದ್ದಕ್ಕೂ ಒಂದೇ ಬಣ್ಣ ಇರುವಂತೆ ಆಚೀಚೆ ಆಡಿಸುತ್ತಿರಿ. ಮೊನೆ ತೆಳ್ಳಗಿರುವುದರಿಂದ ಬೇಗ ಕಾಯುತ್ತದೆ, ಅದನ್ನು ಬೆಂಕಿಯ ನಡುವಿನಿಂದ ದಾಟಿಸಿ ಇಡಿ.

ಕತ್ತಲಲ್ಲಿ ಗಮನವಿಟ್ಟು ನೋಡಿದರೆ ಇನ್ನೊಂದು ಗುರುತು ಕಾಣುತ್ತದೆ. ಕಾಯುತ್ತಿರುವ ಅಲಗಿನ ಮೇಲೆ ಮೋಡದಂಥ ಒಂದು ಮಬ್ಬು ನೆರಳು ಆಡುತ್ತದೆ. ಉಕ್ಕಿನ ಒಳರಚನೆ ಬದಲಾಗುವಾಗ ಅದು ಕಾವನ್ನು ಹೀರಿಕೊಳ್ಳುತ್ತದೆ, ಆ ಭಾಗ ಸ್ವಲ್ಪ ಹೊತ್ತು ಹಿಂದೆ ಬೀಳುತ್ತದೆ. ಅದೇ ಆ ನೆರಳು. ಅದು ಪೂರ್ತಿ ಕರಗಿ ಅಲಗು ಒಂದೇ ಬಣ್ಣಕ್ಕೆ ಬಂತೆಂದರೆ ಬದಲಾವಣೆ ಮುಗಿದಿದೆ. ಒಮ್ಮೆ ಇದನ್ನು ಕಂಡವರು ಮತ್ತೆ ಮರೆಯುವುದಿಲ್ಲ. ಥರ್ಮಾಮೀಟರ್ ಇಲ್ಲದ ಕಾಲದ ಕಮ್ಮಾರರು ಯಾಕೆ ಕತ್ತಲ ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದರು ಎಂಬುದು ಆಗ ಅರ್ಥವಾಗುತ್ತದೆ.

ಈಗ ಎಣ್ಣೆ. ಅಲಗನ್ನು ಒಂದೇ ಸಲ ನೆಟ್ಟಗೆ ಇಳಿಸಿ. ಹೆಚ್ಚುವ ದಿಕ್ಕಿನಲ್ಲಿ ಮುಂದೆ ಹಿಂದೆ ಆಡಿಸಬಹುದು, ಪಕ್ಕಕ್ಕೆ ಆಡಿಸಿದರೆ ಬಾಗುತ್ತದೆ. ಹೊಗೆ ನಿಲ್ಲುವ ತನಕ ಬಿಡಿ. ಕಾದಾಗ ಉಕ್ಕಿನಲ್ಲಿ ಕರಗಿದ್ದ ಇಂಗಾಲಕ್ಕೆ ಹೊರಗೆ ಬರಲು ಸಮಯ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಈ ಬಿಗಿ ರಚನೆಗೆ ಮಾರ್ಟೆನ್‌ಸೈಟ್ ಎನ್ನುತ್ತಾರೆ. ಅರ ಹಾಕಿ ನೋಡಿ, ಜಾರಬೇಕು. ಕಚ್ಚಿದರೆ ಕಾವು ಸಾಲಲಿಲ್ಲ, ಮತ್ತೆ ಕಾಯಿಸಿ ಅದ್ದಿ.

ಈಗ ಅದು ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ಕೈಜಾರಿ ಸಿಮೆಂಟಿನ ಮೇಲೆ ಬಿದ್ದರೆ ಎರಡು ತುಂಡಾಗಬಹುದು. ನಾಳೆ ನೋಡೋಣ ಎಂದು ಬಿಡಬೇಡಿ, ಸುಮ್ನೆ ಇಟ್ಟ ಜಾಗದಲ್ಲೇ ಬಿರುಕು ಬಿಟ್ಟ ಅಲಗುಗಳೂ ಇವೆ. ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಕೂಡಲೇ ಮುಂದಿನ ಹೆಜ್ಜೆ ಮಾಡಿ. ಕೇಕ್ ಮಾಡುವ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಿ, ಹೊರತೆಗೆದು ತಣಿಸಿ, ಮತ್ತೆ ಎರಡು ಗಂಟೆ ಇಡಿ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ತಟ್ಟೆಯಲ್ಲಿ ಮರಳು ಹರಡಿ ಅದರ ಮೇಲೆ ಅಲಗಿಟ್ಟರೆ ಕಾವು ಏರಿಳಿಯುವುದಿಲ್ಲ. ಉಜ್ಜಿದ ಜಾಗದಲ್ಲಿ ಒಣಹುಲ್ಲಿನ ತಿಳಿ ಹಳದಿ ಬಂದಿದ್ದರೆ ಸರಿಯಾಗಿದೆ. ಕಂದು, ನೇರಳೆ, ನೀಲಿ ಎಂದು ಬಣ್ಣ ಮುಂದೆ ಹೋದಷ್ಟೂ ಮೆತ್ತಗಾಗುತ್ತದೆ. ನೀಲಿ ಬಂದರೆ ಅದು ಮತ್ತೆ ಸ್ಪ್ರಿಂಗ್ ಆಯಿತು ಎಂದೇ ತಿಳಿಯಿರಿ.

ಎಣ್ಣೆ ಯಾವುದು? ಹಳೆಯ ಎಂಜಿನ್ ಆಯಿಲ್ ಆಗುತ್ತದಾ?

ಶೇಂಗಾ ಎಣ್ಣೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಶೇಂಗಾ ಎಣ್ಣೆಗೆ ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ, ಹೊಗೆಯೂ ಅಡುಗೆಮನೆಯದ್ದೇ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ, ಸುಟ್ಟ ರಾಸಾಯನಿಕ ಎಲ್ಲ ಇರುತ್ತದೆ. ಆ ಹೊಗೆ ಬೇಡ.

ಐದು ಲೀಟರ್ ಎಣ್ಣೆಯನ್ನು ಉದ್ದನೆಯ ಕಬ್ಬಿಣದ ಡಬ್ಬಕ್ಕೆ ಹಾಕಿ, ಕಾದ ಕಬ್ಬಿಣ ಅದ್ದಿ 50 ರಿಂದ 60 ಡಿಗ್ರಿಗೆ ತನ್ನಿ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಅಲಗನ್ನು ಬೇಗ ತಣಿಸುತ್ತದೆ. ಪ್ಲಾಸ್ಟಿಕ್ ಡಬ್ಬ ಬೇಡವೇ ಬೇಡ. ಪಕ್ಕದಲ್ಲಿ ಸರಿಯಾಗಿ ಮುಚ್ಚುವ ಕಬ್ಬಿಣದ ಮುಚ್ಚಳ, ಒಂದು ಬಕೆಟ್ ಮರಳು ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ. ನೀರು ಹಾಕಿದರೆ ಉರಿಯುವ ಎಣ್ಣೆಯೇ ಮೇಲಕ್ಕೆ ಹಾರುತ್ತದೆ.

ನಮ್ಮೂರ ಕಮ್ಮಾರರು ಕುಡುಗೋಲನ್ನು ನೀರಿಗೇ ಅದ್ದುತ್ತಾರಲ್ಲ?

ಅವರು ಮಾಡುವುದು ಬೇರೆ ಕೆಲಸ, ಅದು ಹೆಚ್ಚಿನ ಕೈಚಳಕದ್ದು. ಬಾಯಿಯಷ್ಟನ್ನೇ ಕ್ಷಣಹೊತ್ತು ನೀರಿಗೆ ತಾಗಿಸಿ ತೆಗೆಯುತ್ತಾರೆ. ಬೆನ್ನಿನಲ್ಲಿ ಇನ್ನೂ ಕಾವಿರುತ್ತದೆ. ಕಲ್ಲಿನ ಮೇಲೆ ಬಾಯಿಯನ್ನು ಚಕ್ಕನೆ ಉಜ್ಜಿದರೆ ಬೆನ್ನಿನ ಕಾವು ಬಾಯಿಯ ಕಡೆ ಹರಿದು ಬರುವಾಗ ಹಳದಿ, ಕಂದು, ನೀಲಿ ಬಣ್ಣಗಳು ಸಾಲಾಗಿ ಓಡಿಬರುವುದು ಕಾಣುತ್ತದೆ. ಬೇಕಾದ ಬಣ್ಣ ಬಾಯಿಗೆ ಬಂದ ಕ್ಷಣ ಪೂರ್ತಿ ಅದ್ದುತ್ತಾರೆ. ಗಟ್ಟಿ ಮಾಡುವುದು, ಪೆಡಸು ಇಳಿಸುವುದು ಎರಡೂ ಒಂದೇ ಕಾವಿನಲ್ಲಿ ಮುಗಿಯುತ್ತದೆ. ಓವನ್ನೂ ಬೇಡ, ಎಣ್ಣೆಯೂ ಬೇಡ. ಬಾಯಿ ಗಟ್ಟಿ, ಬೆನ್ನು ಮೆತ್ತಗೆ. ಕಲ್ಲಿಗೆ ತಾಗಿದರೂ ಕುಡುಗೋಲು ಮುರಿಯುವುದಿಲ್ಲ.

ನೀವು ತೆಳ್ಳನೆಯ ಚಾಕುವನ್ನು ಇಡಿಯಾಗಿ ನೀರಿಗೆ ಅದ್ದಿದರೆ ಟಿಣ್ ಎಂದು ಒಂದು ಸದ್ದು ಕೇಳಬಹುದು. ಅದು ಬಿರುಕಿನ ಸದ್ದು. ಕಮಾನು ಪಟ್ಟಿಗೆ ಎಣ್ಣೆಯೇ ಸರಿ.

ಯಾರ ಹತ್ತಿರ ಕಲಿಯುವುದು? ನಾವು ಕಮ್ಮಾರರ ಮನೆಯವರಲ್ಲ.

ಯಾರು ಬೇಕಾದರೂ ಕಲಿಯಬಹುದು. ಆದರೆ ಈ ವಿದ್ಯೆ ಯಾರ ಮನೆಯಲ್ಲಿ ಉಳಿದು ಬಂದಿದೆಯೋ ಅವರನ್ನು ಗೌರವದಿಂದ ಕಾಣಬೇಕು. ಹತ್ತಿರದ ಹಳ್ಳಿಯಲ್ಲಿ ಕುಲುಮೆ ನಡೆಸುವವರಿದ್ದರೆ ಮುಂಗಾರಿಗೆ ಮೊದಲು ಹೋಗಬೇಡಿ. ಆಗ ಕುಂಟೆ, ಕುಳ, ಕುಡುಗೋಲಿನ ಕೆಲಸದಿಂದ ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಕೆಲಸ ಕಡಿಮೆ ಇರುವ ದಿನಗಳಲ್ಲಿ ಹೋಗಿ, ಒಂದು ದಿನದ ಪೂರ್ತಿ ಕೂಲಿ ಕೊಟ್ಟು, ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದು ಕೇಳಿ. ಪುಕ್ಕಟೆ ಕಲಿಸಿ ಎನ್ನಬೇಡಿ, ಅದು ಅವರ ಅನ್ನ.

ರಸ್ತೆ ಬದಿ ಗುಡಾರ ಹಾಕಿ ಕೊಡಲಿ, ಮಚ್ಚು ಬಡಿದು ಮಾರುವ ಕುಟುಂಬಗಳನ್ನೂ ನೀವು ಕಂಡಿರಬಹುದು. ಅಲ್ಲಿ ಚಮಟಿಗೆ ಎತ್ತಿ ಹೊಡೆಯುವವರು ಬಹಳ ಸಲ ಹೆಂಗಸರೇ. ಹೆಣ್ಣುಮಕ್ಕಳಿಗೆ ಇದು ಆಗುವ ಕೆಲಸವಾ ಎಂದು ಕೇಳುವವರಿಗೆ ಉತ್ತರ ಅಲ್ಲೇ ಇದೆ. ಅವರ ಏಟು ಹೇಗೆ ಒಂದೇ ಜಾಗಕ್ಕೆ ಬೀಳುತ್ತದೆ ನೋಡಿ. ಬಲಕ್ಕಿಂತ ಗುರಿ ಮುಖ್ಯ ಎಂದು ಗೊತ್ತಾಗುತ್ತದೆ.

ಹರಿಹರದ ಕಡೆಯವರಿಗೆ ಇನ್ನೊಂದು ಅನುಕೂಲ. ಕಿರ್ಲೋಸ್ಕರ್ ಲೇತ್ ಮಷೀನುಗಳು ತಯಾರಾಗುತ್ತಿದ್ದ ಊರದು. ಲೋಹದ ಕೆಲಸ ಬಲ್ಲ ಹಿರಿಯರು ಸಿಕ್ಕರೆ ಇಎನ್ 8, ಇಎನ್ 31 ಎಂದರೆ ಏನು ಎಂದು ಅವರು ಬಾಯಲ್ಲೇ ಹೇಳುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಹಿಂದೆ ಉಕ್ಕನ್ನೇ ತಯಾರಿಸುತ್ತಿದ್ದರಂತೆ, ನಿಜವಾ?

ನಿಜ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯಲ್ಲಿ, ಉಕ್ಕು ಕರಗಿಸುತ್ತಿದ್ದ ಕುರುಹುಗಳು ಸಿಕ್ಕಿವೆ. ಒಡೆದ ಮೂಸೆಗಳ ಚೂರುಗಳನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. ಮೂಸೆಯ ಜೇಡಿಮಣ್ಣಿಗೆ ಭತ್ತದ ಹೊಟ್ಟು ಬೆರೆಸುತ್ತಿದ್ದರು. ಹೊಟ್ಟು ಸುಟ್ಟು ಇಂಗಾಲ ಮತ್ತು ಸಿಲಿಕಾ ಉಳಿದು, ಅಷ್ಟು ಕಾವಿಗೂ ಮೂಸೆ ಕುಸಿಯದಂತೆ ತಡೆಯುತ್ತಿತ್ತು. ಈಗ ನಾವು ಚಾಕು ಹೂಳುವುದೂ ಅದೇ ಹೊಟ್ಟಿನ ಬೂದಿಯಲ್ಲಿ. 1800 ಮತ್ತು 1801ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣ, ಉಕ್ಕಿನ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ.

ಆ ಮೂಸೆ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ನೂರಕ್ಕೆ 1 ಭಾಗಕ್ಕಿಂತ ಹೆಚ್ಚು. ಅದನ್ನು ಬಡಿಯಲು ಬೇರೆಯೇ ತಾಳ್ಮೆ ಬೇಕು. ಮೂಸೆ ಉಕ್ಕಿನ ಅಲಗಿನ ಮೇಲೆ ಕಾಣುವ ನೀರಲೆಯಂಥ ಗೆರೆಗಳು ಕಮಾನು ಪಟ್ಟಿಯ ಚಾಕುವಿನಲ್ಲಿ ಬರುವುದಿಲ್ಲ, ಬರುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ಹಳೆಯ ಜಾಗಗಳಲ್ಲಿ ಮೂಸೆಯ ಚೂರು ಕಂಡರೆ ಇದ್ದಲ್ಲೇ ಬಿಡಿ. ನೆನಪಿಗೆಂದು ಒಂದೊಂದೇ ಚೂರು ಮನೆಗೆ ಹೋದರೆ ಮುಂದೆ ಓದಿ ತಿಳಿಯಲು ಅಲ್ಲಿ ಏನೂ ಉಳಿಯುವುದಿಲ್ಲ.

ಪೊಲೀಸರು ಏನಾದರೂ ಅನ್ನುತ್ತಾರಾ?

ಅಡುಗೆಮನೆಗೆ, ಹೊಲಕ್ಕೆ ಮಾಡುವ ಚಾಕುವಿಗೆ ಹೆದರಬೇಕಿಲ್ಲ. 1959ರ ಆಯುಧ ಕಾಯ್ದೆಯ ನಿಯಮಗಳಲ್ಲಿ ಕತ್ತಿ, ಬಾಕು, ಈಟಿಗಳ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳ ಮಾತಿದೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಬಳಕೆಗೆ ಮಾಡಿದವು ಅದರಿಂದ ಹೊರಗೆ. ಐದು ಇಂಚಿನ ತರಕಾರಿ ಚಾಕುವಿನಲ್ಲಿ ಕಲಿಯಲು ಬೇಕಾದದ್ದೆಲ್ಲ ಇದೆ. ಎರಡು ಕಡೆ ಬಾಯಿ ಇರುವ ಬಾಕು ಬೇಡ. ಮುಗಿದ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರು ಸುತ್ತುವುದೂ ಬೇಡ.

ಹಿಡಿಗೆ ಯಾವ ಮರ?

ಕರಿಜಾಲಿ ಅಥವಾ ಹುಣಸೆ. ಚೆನ್ನಾಗಿ ಒಣಗಿರಬೇಕು. ಹಸಿ ಮರ ನಮ್ಮ ಬೇಸಿಗೆಗೆ ಕುಗ್ಗಿ ಹಿಡಿ ಸಡಿಲವಾಗುತ್ತದೆ. ಎರಡು ಹಿತ್ತಾಳೆ ಪಿನ್ನು, ಸ್ವಲ್ಪ ಅರಾಲ್ಡೈಟ್ ಸಾಕು. ಪಿನ್ನಿನ ತೂತುಗಳನ್ನು ಹದ ಹಾಕುವ ಮೊದಲೇ ಕೊರೆದುಬಿಡಿ, ಆಮೇಲೆ ಡ್ರಿಲ್ ಇಳಿಯುವುದಿಲ್ಲ. ಹಿಡಿಗೆ ಅಗಸೆ ಎಣ್ಣೆ ಹಚ್ಚಿದರೆ, ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಬಾಯಿ ತೆಗೆಯುವಾಗ ಏನು ನೋಡಿಕೊಳ್ಳಬೇಕು?

ಬಿಸಿ. ಗ್ರೈಂಡರ್‌ನಲ್ಲಿ ಉಜ್ಜುವಾಗ ಬರಿಗೈಯಲ್ಲಿ ಹಿಡಿಯಿರಿ, ಕೈಗೆ ಚುರುಕ್ ಎಂದರೆ ನೀರಿಗೆ ಅದ್ದಿ. ಒಂದು ಕ್ಷಣ ನೀಲಿ ಬಣ್ಣ ಬಂದರೂ ಆ ಜಾಗದ ಹದ ಹೋಯಿತು. ಹಾಗಾಗಿ ಕೊನೆಯ ಕೆಲಸವನ್ನು ಕಾರ್ಬೊರಂಡಮ್ ಕಲ್ಲಿನ ಮೇಲೆ ಕೈಯಲ್ಲೇ ಮಾಡಿ, ಒಂದೊಂದು ಕಡೆಗೆ 15 ರಿಂದ 20 ಡಿಗ್ರಿ ಓರೆ ಇರಲಿ. ಟೊಮೇಟೊ ಸಿಪ್ಪೆಯ ಮೇಲೆ ಒತ್ತದೆ ಎಳೆದಾಗ ಇಳಿಯಬೇಕು. ಒಂದು ವಾರ ಬಳಸಿದ ಮೇಲೆ ಬಾಯಿ ಮಡಚಿಕೊಂಡಿದ್ದರೆ ಮೆತ್ತಗಿದೆ, ಸಣ್ಣ ಸಣ್ಣ ಚಕ್ಕೆ ಎದ್ದಿದ್ದರೆ ಪೆಡಸಾಗಿದೆ. ಪೆಡಸಾಗಿದ್ದರೆ ಓವನ್ನಿನಲ್ಲಿ 215 ಡಿಗ್ರಿಗೆ ಇನ್ನೊಮ್ಮೆ ಇಟ್ಟರೆ ಸರಿಹೋಗುತ್ತದೆ. ಮೆತ್ತಗಿದ್ದರೆ ಮತ್ತೆ ಕುಲುಮೆಗೇ ಹೋಗಬೇಕು.

ಈರುಳ್ಳಿ ಹೆಚ್ಚಿದರೆ ಕಪ್ಪಗಾಗುತ್ತಿದೆ. ಹಾಳಾಯಿತಾ?

ಇಲ್ಲ. ಇದು ಸ್ಟೇನ್‌ಲೆಸ್ ಅಲ್ಲ. ಹುಳಿ ತಾಗಿದಾಗ ಬೂದು, ನೀಲಿ, ಕಪ್ಪು ಪದರ ಕೂರುತ್ತದೆ, ಆ ಪದರವೇ ತುಕ್ಕನ್ನು ತಡೆಯುತ್ತದೆ. ಕೆಂಪು ತುಕ್ಕು ಮಾತ್ರ ಬರಬಾರದು. ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿ. ಹತ್ತಾರು ದಿನ ಬಳಸದಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ.

ಎರಡನೆಯ ಚಾಕು ಯಾವ ಉಕ್ಕಿನಿಂದ ಮಾಡಲಿ?

ಅದೇ ಪಟ್ಟಿಯ ಉಳಿದ ಕಡ್ಡಿಯಿಂದ. ಆ ಉಕ್ಕು ಯಾವ ಬಣ್ಣಕ್ಕೆ ಹೇಗೆ ವರ್ತಿಸುತ್ತದೆ, ಎಷ್ಟು ಡಿಗ್ರಿಗೆ ಪೆಡಸು ಇಳಿಯುತ್ತದೆ ಎಂದು ನಿಮಗೆ ಈಗ ಗೊತ್ತಿದೆ. ಹೊಸ ಗುಜರಿ ತಂದರೆ ಎಲ್ಲ ಮೊದಲಿನಿಂದ ಶುರು ಮಾಡಬೇಕು. ಅದಕ್ಕೇ ಮೊದಲ ದಿನವೇ ಒಂದೇ ಪಟ್ಟಿಯಿಂದ ನಾಲ್ಕೈದು ಕಡ್ಡಿ ಸೀಳಿಸಿಟ್ಟುಕೊಳ್ಳಿ. ಎಲ್ಲಕ್ಕೂ ಒಂದೇ ಗುರುತು ಕೊರೆದು, ಯಾವ ಗಾಡಿಯದು, ಎಷ್ಟು ಕಾಯಿಸಿದ್ದು, ಯಾವ ಎಣ್ಣೆ, ಓವನ್ನಿನಲ್ಲಿ ಎಷ್ಟು ಹೊತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.